ಮಾಂಜಾ ಸೀಳಿದ ಹದ್ದು

"ಉಮಕ್ಕಾ, ಈಗ ಏನ್ಮಾಡ್ಲಿ?" ಎಂದು ಮೋನಿಷಾ ಸುತ್ತಲಿನ ಹಿಂದಿಯವರಿಗೆ ತಿಳಿಯದಂತೆ ಕನ್ನಡದಲ್ಲಿ ಪಿಸುಗುಟ್ಟಿದಳು. ಗಾಳಿಪಟದ ಗಾಜುಪುಡಿ ಸವರಿದ ಮಾಂಜಾ ದಾರಕ್ಕೆ ಸಿಕ್ಕಿ ರೆಕ್ಕೆ ಸೀಳಿಸಿಕೊಂಡ ಹದ್ದು ಅವಳ ಕೈಗವಸನ್ನು ಕುಕ್ಕುತ್ತಿತ್ತು. ವನ್ಯಜೀವಿ ಸಂಸ್ಥೆಯಲ್ಲಿ ಕೆಲಸ ಬೇಕಿದ್ದರೆ ಅದನ್ನು ಹಿಡಿದು ಬುಟ್ಟಿಗೆ ಹಾಕಿ ತೋರಿಸಬೇಕು. ಪರೀಕ್ಷೆ ಮಾಡಲು ನಿಂತ ಮಾಥುರ್ ಸಾಹೇಬರು ಗಡಿಯಾರ ನೋಡುತ್ತಿದ್ದರು.

ಪಕ್ಕದಲ್ಲಿ ನಿಂತಿದ್ದ ಉಮಾವತಿಗೆ ಉಪಾಯ ಗೊತ್ತಿತ್ತು. ಊರಿನಲ್ಲಿ ಕೋಳಿ ಹಿಡಿಯುವಾಗ ಮೊದಲು ಅದರ ಕಣ್ಣು ಮುಚ್ಚುತ್ತಿದ್ದಳು. ಆದರೂ ಬಾಯಿ ತೆರೆಯಲಿಲ್ಲ. ಊರು ಬಿಟ್ಟು ಬಂದು ಲಕ್ಷ್ಮೀ ನಗರದ ಮಾವನ ಹೋಟೆಲಿನಲ್ಲಿ ಹಿಟ್ಟು ರುಬ್ಬುವವಳು ತಾನು, ಬಿ.ಎಸ್ಸಿ. ಓದಿದ ಮಾವನ ಮಗಳು ಮೋನಿಷಾಗೆ ಬರೀ ಜೊತೆಗೆಂದು ಬಂದವಳು. ಎಲ್ಲವೂ ಅವಳಿಗೇ ಏಕೆ ಸಿಗಬೇಕು? ಒಂದು ಸಲವಾದರೂ ಸೋಲಲಿ.

ಹದ್ದು ಗಾಯದ ರೆಕ್ಕೆಯನ್ನೇ ಕಿಟಕಿಯ ಕಂಬಿಗೆ ಬಡಿಯಿತು. ಉಮಾವತಿ ತಡೆಯಲಾರದೆ ನುಗ್ಗಿ, ದುಪಟ್ಟಾ ಎಳೆದು ಅದರ ತಲೆಯ ಮೇಲೆ ಹಾಕಿದಳು. ಹಕ್ಕಿ ಸುಮ್ಮನಾಯಿತು. ಎರಡೂ ಕೈಯಿಂದ ಎತ್ತಿ ಬುಟ್ಟಿಯಲ್ಲಿಟ್ಟಳು.

"ಅರೇ ವಾಹ್! ಇವರ ಅರ್ಜಿ ಎಲ್ಲಿ?" ಎಂದರು ಮಾಥುರ್.

"ದೀದಿ ಓದಿದ್ದು ಎಂಟನೇ ಕ್ಲಾಸ್ ಅಷ್ಟೇ, ಸರ್," ಎಂದಳು ಮೋನಿಷಾ, ಯಾರೂ ಕೇಳುವ ಮೊದಲೇ.

ಉಮಾವತಿ ತಲೆಯೆತ್ತಿ ಅವಳ ಮುಖ ನೋಡಿದಳು. ತನ್ನನ್ನು ಕಂಡೂ ಯಾರಿಗಾದರೂ ಹೊಟ್ಟೆ ಉರಿಯಬಹುದೆಂದು ಆ ಕ್ಷಣದವರೆಗೆ ಅವಳಿಗೆ ಗೊತ್ತಿರಲಿಲ್ಲ.