ನಾಲ್ಕು ಊರಿಗೊಂದು ವೈರು

ವೈರನ್ನು ಮುದ್ದೇಬಿಹಾಳದವರೇ ಬಚ್ಚಿಟ್ಟಿದ್ದಾರೆ ಎಂಬುದು ಬಾಗೇವಾಡಿಯಲ್ಲಿ ಬಸ್ಸಿಳಿಯುವ ಹೊತ್ತಿಗೆ ಇಂದ್ರಾಬಾಯಿಗೆ ಖಾತ್ರಿಯಾಗಿತ್ತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಮಹಿಳಾ ಮಂಡಳಗಳು ಕೂಡಿ ಎಪ್ಪತ್ತೈದರಲ್ಲಿ ಒಂದು ಟೇಪ್ ರೆಕಾರ್ಡರ್ ಕೊಂಡಿದ್ದವು. ಜಗಳವಾಗಬಾರದೆಂದು ಒಂದು ಕಟ್ಟಳೆ ಮಾಡಿದ್ದರು. ಕೆಲಸ ಮುಗಿಸಿದವರು ಮಷೀನನ್ನು ತಮ್ಮಲ್ಲೇ ಇಟ್ಟುಕೊಂಡು, ಅದರ ಕರೆಂಟಿನ ವೈರನ್ನಷ್ಟೇ ಮುಂದಿನ ಸರದಿಯ ಊರಿಗೆ ಬಸ್ಸಿನಲ್ಲಿ ಕಳಿಸಬೇಕು. ವೈರು ತಂದು ತೋರಿಸಿದವರಿಗೆ ಮಷೀನು.

ಈಗ ಸರದಿ ಸಿಂದಗಿಯದು. ವೈರು ಮಾತ್ರ ಸಿಂದಗಿ ಮಂಡಳದ ಇಂದ್ರಾಬಾಯಿಯ ಕೈ ಸೇರಿರಲಿಲ್ಲ.

ಅವಳಿಗೆ ಕಾಯುವ ಧೈರ್ಯವಿರಲಿಲ್ಲ. ತಾಯಿ ಶೇವಂತೆವ್ವನ ಬೀಸುವ ಕಲ್ಲಿನ ಪದಗಳು ಬೇರೆ ಯಾರಿಗೂ ಬರುತ್ತಿರಲಿಲ್ಲ; ಅವನ್ನು ಟೇಪಿನಲ್ಲಿ ಹಿಡಿದಿಡಬೇಕಿತ್ತು. ಒಮ್ಮೆ ಲಕ್ವ ಹೊಡೆದು ಮುದುಕಿ ಹಾಸಿಗೆ ಹಿಡಿದಿದ್ದಳು. ಇನ್ನೊಮ್ಮೆ ಹೊಡೆದರೆ ಮಾತು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ಬಸ್ಸಿನ ಡ್ರೈವರ್ ಬಂದೇನವಾಜನನ್ನು ಅವಳು ದಾರಿಯಲ್ಲೇ ಕೇಳಿದ್ದಳು.

"ಮುಟ್ಟಬೇಕಾದಲ್ಲಿ ಮುಟ್ಟೇತ್ರಿ ಬಾಯಾರ."

"ಎಲ್ಲಿ ಮುಟ್ಟೇತಿ?"

"ಆಣಿ ಹಾಕಿಸ್ಕೊಂಡಾರ್ರಿ. ನನ್ನ ಕೇಳಬ್ಯಾಡ್ರಿ." ಅವನು ರಸ್ತೆಯಿಂದ ಕಣ್ಣು ಕೀಳಲಿಲ್ಲ.

ಆಣೆ ಹಾಕಿಸುವಷ್ಟು ಮುದ್ದೇಬಿಹಾಳದವರಿಗೆ ಸೊಕ್ಕು. ಹೋದ ಸಲವೂ ಸರದಿ ಮುರಿಯಲು ನೋಡಿದವರು ಅವರೇ.

ಬಾಗೇವಾಡಿ ಮಂಡಳದ ಸುಮಿತ್ರಾಬಾಯಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದರು. ಮಷೀನು ಅವರ ಬೆನ್ನ ಹಿಂದೆಯೇ ಇತ್ತು, ಸೆರಗಿನ ತುಂಡು ಹೊದ್ದುಕೊಂಡು.

"ವೈರು ಅರಿವ್ಯಾಗ ಸುತ್ತಿ ಬಂದೇನವಾಜನ ಕೈಯಾಗ ಕೊಟ್ಟೇನವಾ. ಮುಂದಿಂದು ನಂಗೊತ್ತಿಲ್ಲ."

"ಮಷೀನರ ಕೊಡ್ರಿ ಅಕ್ಕಾರ. ಬ್ಯಾರೆ ವೈರು ಹಾಕಿಸ್ಕೋತೇನಿ."

"ಬ್ಯಾರೆ ವೈರಿಗಿ ಕೊಟ್ರ, ನಾಳಿ ನಾಲ್ಕೂ ಊರವರು ಒಂದೊಂದು ವೈರು ಹಿಡ್ಕೊಂಡು ನನ್ನ ಬಾಗಲಾಗ ನಿಂದರ್ತಾರ. ಯಾರಿಗಿ ಕೊಡ್ಲಿ, ನೀನ ಹೇಳು. ಕಟ್ಟಳಿ ಮಾಡಾಕಿ ನೀನ."

ಹೌದು, ಕಟ್ಟಳೆ ಅವಳದೇ. ಇಂದ್ರಾಬಾಯಿ ಮುಚ್ಚಿದ ಮಷೀನನ್ನು ಒಮ್ಮೆ ಮುಟ್ಟಿ, ಬರಿಗೈಯಲ್ಲಿ ಸಿಂದಗಿಯ ಬಸ್ಸು ಹತ್ತಿದಳು.

"ಸಿಕ್ತೇನ?" ಶೇವಂತೆವ್ವ ಮಲಗಿದಲ್ಲಿಂದಲೇ ಕೇಳಿದಳು.

"ಇಲ್ಲವಾ."

"ಹೋಗ್ಲಿ ಬಿಡು. ಹಂತ್ಯಾಕ ಕುಂಡ್ರು, ಒಂದು ಪದ ಹಾಡ್ತೇನಿ."

ಮೊದಲು ಶಾಲೆ, ಮಂಡಳ, ಅಡುಗೆ ಎಂದು ಇಂದ್ರಾಬಾಯಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಈಗ, ವೈರು ಬರುವತನಕ ಬಾಯಿಪಾಠವಾದರೂ ಆಗಲಿ ಎಂದು, ದೀಪ ಹಚ್ಚಿದ ಮೇಲೆ ದಿನವೂ ತಾಯಿಯ ಪಕ್ಕದಲ್ಲಿ ಕೂರುತ್ತಿದ್ದಳು. ಮುದುಕಿ ಮಗಳ ತಲೆ ಸವರುತ್ತ ಒಂದು ಪದ ಹಾಡುತ್ತಿದ್ದಳು. ಒಂದೇ.

"ಇನ್ನೊಂದು ಹಾಡವಾ," ಒಂದು ರಾತ್ರಿ ಮಗಳು ಕೇಳಿದಳು.

"ನಾಳಿ. ಎಲ್ಲಾ ಪದ ಆ ಪೆಟ್ಟಿಗಿನ ಕಲ್ತ ಮ್ಯಾಲ, ನನ್ನ ಹಂತ್ಯಾಕ ಯಾರು ಕುಂಡ್ರತಾರ?" ಮುದುಕಿ ನಕ್ಕಳು. ಇಂದ್ರಾಬಾಯಿಯೂ ನಕ್ಕು ತಲೆದಿಂಬು ಸರಿಮಾಡಲು ಕೈ ಚಾಚಿದಳು.

"ಇರಲಿ. ಅದು ಹಂಗ ಇರಲಿ."

ಮರುದಿನ ಮುಂಜಾನೆ ಗಂಜಿ ತಂದಾಗ ಶೇವಂತೆವ್ವನ ಬಾಯಿ ಸೊಟ್ಟಗಾಗಿತ್ತು. ತುಟಿ ಅಲುಗುತ್ತಿತ್ತು, ಮಾತು ಹೊರಡುತ್ತಿರಲಿಲ್ಲ.

"ಯವ್ವಾ, ಏನರ ಅನ್ನವಾ. ಒಂದ ಮಾತು." ಇಂದ್ರಾಬಾಯಿ ಆ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಹಿಡಿಯುವುದನ್ನು ಬಿಟ್ಟು ಮಾಡಲು ಏನೂ ಇರಲಿಲ್ಲ.

ಮುದುಕಿಯ ಕಣ್ಣು ತುಂಬಿ ಹರಿಯುತ್ತಿತ್ತು. ಇನ್ನೂ ಜೀವವಿದ್ದ ಒಂದು ಕೈ ಮೆಲ್ಲಗೆ ತೆವಳಿ ತಲೆದಿಂಬಿನ ಕೆಳಗೆ ಹೋಯಿತು. ಅಲ್ಲಿಂದ ಒಂದು ಅರಿವೆಯ ಗಂಟನ್ನು ಎಳೆದು ಮಗಳ ಉಡಿಗೆ ನೂಕಿತು.

ಗಂಟು ಬಿಚ್ಚಿಕೊಂಡು ಕರಿ ವೈರು ಹೊರಗೆ ಜಾರಿತು.