ಸೌದೆ ಮರದ ಹಾಳೆ

"ಒಲೆಗೆ ಹಾಕು, ಬೆಂಕಿಯಣ್ಣ," ಎಂದರು ಪ್ಲೈವುಡ್ ಕಾರ್ಖಾನೆಯ ಯಜಮಾನರು, ಮಗಳ ಮುಖ ನೋಡದೆ. ಬಾಯ್ಲರ್‌ಗೆ ಸೌದೆ ಹಾಕುತ್ತಲೇ ತಲೆ ನರೆಸಿಕೊಂಡಿದ್ದ ಬೆಂಕಿಯಣ್ಣ, ದಿಮ್ಮಿಯ ತುಂಡೊಂದನ್ನು ತೋಳಲ್ಲಿ ಹಿಡಿದು ಬಾಗಿಲಲ್ಲೇ ನಿಂತ. ಎಲ್ಲರೂ ಸೌದೆಯೆಂದೇ ಬಲ್ಲ ಮರ ಅದು. ತೆಳ್ಳಗೆ ಸೀಳಿದರೆ ಬೀರು ಬಾಗಿಲಿನ ಅಂದಕ್ಕೆ ಅಂಟಿಸಬಹುದೆಂದು ಮಗಳು ಹಟ ಹಿಡಿದು ತರಿಸಿದ್ದಳು. ಹಾಗೆ ಸೀಳಿದ ಮೊದಲ ಹಾಳೆ ಈಗ ಮೇಜಿನ ಮೇಲಿತ್ತು, ಬೂದಿಯಂತೆ ಸಪ್ಪಗೆ. ಇದು ಕೈಕೊಟ್ಟರೆ ಅಂಗಳದ ದಿಮ್ಮಿಗಳೆಲ್ಲ ಒಲೆಗೇ ಎಂದು ಅಪ್ಪ ಮಗಳ ನಡುವೆ ಮಾತಾಗಿತ್ತು.

"ಇದನ್ನ ಅಂಟಿಸಿದ ಬೀರುನ ಇಲಿ ಕೂಡ ಮೂಸಲ್ಲ ಕಣಮ್ಮ," ಎಂದರು ಯಜಮಾನರು.

"ಪಾಲಿಶ್ ಬಿದ್ರೆ ಹೇಗಿರುತ್ತೆ ಅಂತ ನೀರಲ್ಲೇ ಗೊತ್ತಾಗುತ್ತೆ, ಒಂಚೂರು ನೋಡಪ್ಪಾ, ಆಮೇಲೆ ಬೈಯುವಂತೆ," ಎಂದ ಮಗಳು ಒದ್ದೆ ಬಟ್ಟೆಯಿಂದ ಹಾಳೆಯನ್ನು ಉದ್ದಕ್ಕೂ ಒರೆಸಿದಳು.

ಬಟ್ಟೆ ಹೋದ ದಾರಿಯಲ್ಲೆಲ್ಲ ಜೇನಿನ ಬಣ್ಣ ಎದ್ದಿತು. ಅದರೊಳಗೆ ಕಪ್ಪು ಗೆರೆಗಳು ಹೊಳೆಯ ನೀರಿನಂತೆ ಸುಳಿದು, ಬಳುಕಿ, ಎಲ್ಲಿಗೋ ಹೊರಟಿದ್ದವು. ಬೆಂಕಿಯಣ್ಣ ಬಾಗಿಲು ಬಿಟ್ಟು ಮೇಜಿನ ಹತ್ತಿರ ಬಂದ. ಇಷ್ಟು ವರ್ಷ ತಾನು ಸುಟ್ಟಿದ್ದು ಇದನ್ನೇ? "ಇಂಥದ್ದು ಒಳಗಿಟ್ಕೊಂಡು ಒಂದ್ಮಾತೂ ಆಡ್ಲಿಲ್ವಲ್ಲೋ," ಎಂದು ತೋಳಲ್ಲಿದ್ದ ತುಂಡಿಗೆ ಮೆಲ್ಲಗೆ ಹೇಳಿದ.

ಅತ್ತ ಒಲೆಯ ಉರಿ ಇಳಿಯುತ್ತಿತ್ತು. ಯಾರೂ ತಿರುಗಿ ನೋಡಲಿಲ್ಲ. ಇತ್ತ ಬಿಸಿ ಗಾಳಿಗೆ ನೀರಾರಿ, ಗೆರೆಗಳು ಬೆಳಗಿನ ಕನಸಿನಂತೆ ಮಾಸುತ್ತ ಮಾಸುತ್ತ ಹಾಳೆ ಮತ್ತೆ ಬೂದಿ ಬಣ್ಣಕ್ಕೆ ತಿರುಗಿತು. ಯಜಮಾನರು ಕನ್ನಡಕ ಸರಿಮಾಡಿಕೊಂಡು ಅದರ ಮೇಲೆ ಬಾಗಿದರು.

"ಇನ್ನೊಂದ್ಸಲ ಒರೆಸಮ್ಮ," ಎಂದರು.