ಸೂಲಗಿತ್ತಿಯ ಎಣಿಕೆ

“ಎರಡೂ ಕೈ ಕೊಡು ಇಲ್ಲಿ,” ಎಂದಳು ತಾಯಿ. ಮಗ ಹೆಗಲಿನ ಚೀಲವನ್ನು ಇನ್ನೂ ಇಳಿಸಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅಕ್ಕನ ಮುಖ ಬಿಳಿಚಿಕೊಂಡಿತು. “ಈಗ ತಾನೆ ಬಂದಿದ್ದಾನಮ್ಮ. ಒಂದು ಲೋಟ ನೀರಾದ್ರೂ ಕುಡೀಲಿ.”

“ಕುಡೀಲಿ, ಬೇಡ ಅಂದವರ್ಯಾರು? ನೀರು ಕುಡಿಯೋದು ಬಾಯಿ. ನಾನು ಕೇಳಿದ್ದು ಕೈ.”

ನಲವತ್ತು ವರ್ಷ ಸೂಲಗಿತ್ತಿಯಾಗಿದ್ದವಳ ಅಭ್ಯಾಸ ಅದು. ಕೂಸು ಕೈಗೆ ಬಿದ್ದೊಡನೆ, ಗಂಡೋ ಹೆಣ್ಣೋ ಎಂದು ನೋಡುವುದಕ್ಕೂ ಮೊದಲು ಬೆರಳು ಎಣಿಸುತ್ತಿದ್ದಳು. ದೇವರು ಕಳಿಸಿದ್ದು ಪೂರ್ತಿ ಬಂದು ಮುಟ್ಟಿತು ಎಂದು ಅವನಿಗೊಂದು ಮಾತು ಹೇಳಬೇಕಲ್ಲ ಎನ್ನುತ್ತಿದ್ದಳು. ಈಗ ಹೆರಿಗೆಗೆ ಕರೆಯುವವರಿಲ್ಲ. ದೂರದಿಂದ ಬಂದ ಸ್ವಂತ ಮಕ್ಕಳನ್ನೇ ಕೂರಿಸಿಕೊಂಡು ಎಣಿಸುತ್ತಾಳೆ. ಕಣ್ಣು ಮಂಜಾದ ಮೇಲಂತೂ ಅವಳ ಕೈಗೇ ಕಣ್ಣು ಬಂದಿತ್ತು.

ಮಗ ಪುಸ್ತಕ ಕಟ್ಟುವ ಬೈಂಡರ್. ಏಳು ತಿಂಗಳ ಹಿಂದೆ ಅವನ ಎಡಗೈ ಹೆಬ್ಬೆರಳು ಕಾಗದ ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಬುಡದವರೆಗೂ ಹೋಯಿತು. ಜಜ್ಜಿಹೋದ ಬೆರಳನ್ನು ಮತ್ತೆ ಕೂಡಿಸುವಂತಿರಲಿಲ್ಲ. ಗಾಯ ಮಾಗಿದ ಮೇಲೆ ಆಸ್ಪತ್ರೆಯ ಡಾಕ್ಟರಮ್ಮ ಅವನ ಕಾಲಿನ ಎರಡನೆಯ ಬೆರಳನ್ನೇ ತೆಗೆದು ಆ ಜಾಗದಲ್ಲಿ ನಿಲ್ಲಿಸಿದರು. ಸೂಕ್ಷ್ಮದರ್ಶಕದ ಕೆಳಗೆ, ಕೂದಲಿಗಿಂತ ತೆಳುವಾದ ದಾರದಲ್ಲಿ, ರಕ್ತನಾಳಕ್ಕೆ ರಕ್ತನಾಳ, ನರಕ್ಕೆ ನರ ಸೇರಿಸಿ ಹೊಲಿದಿದ್ದರು. ಇದು ಅಕ್ಕನೊಬ್ಬಳಿಗೆ ಗೊತ್ತು. ತಾಯಿಗೆ ಇಬ್ಬರೂ ಸೇರಿ ‘ದೂರದಲ್ಲಿ ಕೆಲಸ ಸಿಕ್ಕಿದೆ’ ಎಂದು ಹೇಳಿದ್ದರು. ಓದು ಬಿಟ್ಟು ಅಲೆಯುತ್ತಿದ್ದ ಹುಡುಗನನ್ನು ಕಿವಿ ಹಿಡಿದು ಕರೆದೊಯ್ದು, ಬೈಂಡಿಂಗ್ ಯಜಮಾನರಿಗೆ ಕೈಮುಗಿದು, ಆ ಯಂತ್ರದ ಪಕ್ಕದಲ್ಲಿ ನಿಲ್ಲಿಸಿ ಬಂದವಳು ತಾಯಿಯೇ. ಗೊತ್ತಾದರೆ ಸಾಯುವ ತನಕ ತನ್ನನ್ನೇ ಶಪಿಸಿಕೊಳ್ಳುತ್ತಾಳೆ ಎಂಬ ಭಯ ಇಬ್ಬರಿಗೂ.

ಮಗ ಸ್ಟೂಲಿನ ಮೇಲೆ ಕುಳಿತು ಕೈ ಚಾಚಿದ. ಬಲಗೈ ಮುಗಿಯಿತು. ಎಡಗೈಯನ್ನು ತಾಯಿ ಕಿರುಬೆರಳಿನಿಂದ ಶುರುಮಾಡಿದಳು. “ಆರು... ಏಳು... ಎಂಟು... ಒಂಬತ್ತು...” ಸ್ವಲ್ಪ ತಡೆದು, “ಹತ್ತು.”

ಅಕ್ಕ ಉಸಿರುಬಿಟ್ಟಳು.

“ಹೆಬ್ಬೆರಳು ಸಣ್ಣಗಾಗಿದೆ ಕಣೋ. ಹೊಟ್ಟೆಗೆ ಸರಿಯಾಗಿ ತಿಂತಿಲ್ವಾ?”

“ತಿಂತೀನಮ್ಮ.”

“ತಿಂದಿದ್ದೆಲ್ಲ ಹೊಟ್ಟೇಲೇ ಕೂತಿದೆ, ನೋಡಿದ್ರೆ ಗೊತ್ತಾಗಲ್ವಾ?” ಎಂದು ಅಕ್ಕ ನಗಿಸಲು ನೋಡಿದಳು.

ತಾಯಿ ನಗಲಿಲ್ಲ. ಬೆರಳಿನ ತುದಿಗೆ ಸರಿದಳು. ಉಗುರಿನ ಹತ್ತಿರ ಅದು ತುಸು ಪಕ್ಕಕ್ಕೆ ವಾಲಿತ್ತು. ಆ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದಳು.

ಬೆರಳು ಕಳೆದುಕೊಂಡಿದ್ದ, ಶೂ ಇನ್ನೂ ಬಿಚ್ಚಿರದ ಕಾಲು ಥಟ್ಟನೆ ಹಿಂದಕ್ಕೆ ಸರಿದು ಸ್ಟೂಲಿಗೆ ಬಡಿಯಿತು. ಅವನು ಬೇಕೆಂದು ಎಳೆದುಕೊಂಡದ್ದಲ್ಲ. ಬೆರಳು ಜಾಗ ಬದಲಾಯಿಸಿದ್ದು ತಲೆಗೆ ಇನ್ನೂ ತಿಳಿದಿಲ್ಲ. ಕೈಯಲ್ಲಿ ಮುಟ್ಟಿದ್ದು ಅವನಿಗೆ ಕಾಲಲ್ಲಿ ಮುಟ್ಟಿದಂತಾಗುತ್ತದೆ. ದಿನವೂ ಹತ್ತಿ, ಮರಳು, ಒರಟು ಬಟ್ಟೆ ತಾಗಿಸಿ ಕಲಿಸಬೇಕು ಎಂದಿದ್ದರು ಡಾಕ್ಟರಮ್ಮ.

ತಾಯಿಯ ಕೈ ನಿಂತಿತು.

“ಏಳೋ ಕುಂಭಕರ್ಣ, ಸ್ಕೂಲಿಗೆ ಹೊತ್ತಾಯ್ತು,” ಎಂದಳು ನಿಧಾನವಾಗಿ, ಬಹಳ ದೂರದಲ್ಲಿ ಮಲಗಿರುವ ಯಾರಿಗೋ ಹೇಳುವಂತೆ.

ಅವನು ಸ್ಕೂಲಿಗೆ ಹೋಗುತ್ತಿದ್ದ ದಿನಗಳಲ್ಲಿ ಅವಳು ಯಾರದೋ ಮನೆಯ ಹೆರಿಗೆ ಮುಗಿಸಿ ಬರುವಷ್ಟರಲ್ಲಿ ಬಿಸಿಲು ಕಿಟಕಿ ದಾಟಿರುತ್ತಿತ್ತು. ಅಕ್ಕ ಬಾಯಲ್ಲಿ ರಿಬ್ಬನ್ ಕಚ್ಚಿಕೊಂಡು ಜಡೆ ಹೆಣೆದುಕೊಳ್ಳುತ್ತಿರುತ್ತಿದ್ದಳು. ಮಗನ ತಲೆ ಹೊದಿಕೆಯ ಒಳಗೆ, ಕಾಲು ಹೊರಗೆ. ಹೆಬ್ಬೆರಳನ್ನೂ ಮೀರಿ ಉದ್ದವಾಗಿದ್ದ, ತುದಿ ವಾಲಿದ ಆ ಎರಡನೆಯ ಬೆರಳನ್ನೇ ಹಿಡಿದು ಎಳೆಯುತ್ತಿದ್ದಳು. ಸೋಪಿನ ವಾಸನೆಯ ತಣ್ಣನೆಯ ಕೈ. ಅವನು ಹೀಗೇ, ಇಷ್ಟೇ ಥಟ್ಟನೆ ಕಾಲು ಎಳೆದುಕೊಳ್ಳುತ್ತಿದ್ದ. ಒಂದು ಗಳಿಗೆ ಮೂವರೂ ಮತ್ತೆ ಆ ಬೆಳಗಿನ ಕೋಣೆಯಲ್ಲಿದ್ದರು.

“ಯಾರು ಮಾಡಿದ್ದು?” ಎಂದಳು ತಾಯಿ.

“ಆಸ್ಪತ್ರೆಯ ಡಾಕ್ಟರಮ್ಮ.”

“ಎಷ್ಟು ಹೊತ್ತು ಹಿಡೀತು?”

“ಹನ್ನೊಂದು ಗಂಟೆ.”

“ಚೊಚ್ಚಲ ಹೆರಿಗೆ ಹಾಗೆ. ಪುಣ್ಯಾತ್ಗಿತ್ತಿ, ಅಷ್ಟು ಹೊತ್ತೂ ನಡು ನೆಟ್ಟಗೆ ಮಾಡಿರಲಿಕ್ಕಿಲ್ಲ.”

“ಅಮ್ಮ, ನಿನ್ನ ತಪ್ಪೇನೂ ಇಲ್ಲ, ನಾನೇ ಆವತ್ತು...”

“ಆ ಮೆಷಿನ್ ಪಕ್ಕ ನಿನ್ನ ನಿಲ್ಲಿಸಿದವಳು ನಾನು. ಅದನ್ನ ಆಮೇಲೆ ನಾನೂ ದೇವರೂ ಕೂತು ಮಾತಾಡ್ಕೋತೀವಿ, ನೀವಿಬ್ಬರೂ ನಡುವೆ ಬರಬೇಡಿ.” ಅವಳ ಧ್ವನಿ ಒಡೆಯಿತು; ಕೈ ನಡುಗಲಿಲ್ಲ. “ಕೂಸು ಕೈಯಲ್ಲಿರುವಾಗ ಸೂಲಗಿತ್ತಿ ಅಳಬಾರದು.”

ಅಂಗೈಗಳನ್ನು ಒಂದಕ್ಕೊಂದು ಉಜ್ಜಿ ಬೆಚ್ಚಗೆ ಮಾಡಿಕೊಂಡಳು. ಬೆರಳನ್ನು ಬುಡದಿಂದ ತುದಿಯವರೆಗೆ ಮೆತ್ತಗೆ ನೀವತೊಡಗಿದಳು. ಅಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

“ಇದು ಇಲ್ಲಿಗೆ ಬಂದು ಎಷ್ಟು ತಿಂಗಳಾಯ್ತು?”

“ಆರು, ಅಮ್ಮ. ಇನ್ನೂ ತಾನು ಕಾಲಲ್ಲೇ ಇದೀನಿ ಅಂದ್ಕೊಂಡಿದೆ. ಎಷ್ಟು ಕಲಿಸಿದ್ರೂ ಕೇಳ್ತಿಲ್ಲ.”

“ಬೈಬೇಡ್ವೋ. ಆರು ತಿಂಗಳ ಕೂಸಿಗೆ ತನ್ನ ಹೆಸರು ಎಲ್ಲಿ ಗೊತ್ತಿರುತ್ತೆ? ಕರೀತಾ ಕರೀತಾ ತಿಳ್ಕೊಳ್ಳುತ್ತೆ.”

ಮಗನ ಕೈಯನ್ನು ಎತ್ತಿ ತನ್ನ ಮುಖದ ಹತ್ತಿರ ತಂದುಕೊಂಡಳು. ತೊಟ್ಟಿಲಿಗೆ ಬಾಗಿದವಳ ದನಿಯಲ್ಲಿ, ಕಾಲಿನಿಂದ ಬಂದ ಆ ಬೆರಳನ್ನು ಕರೆದಳು: “ಹೆಬ್ಬೆರಳೇ... ಏ ಹೆಬ್ಬೆರಳೇ...”